ಸಾಕ್ಷ್ಯಚಿತ್ರವೂ ಊರ ಸಭೆಯೂ

ನಡೆದ ಸಂಗತಿಯನ್ನೂ ಬಾಳುತ್ತಿರುವ ಜನರನ್ನೂ ಅವರವರ ನೆಲೆಯಲ್ಲಿಯೇ ಚಿತ್ರಿಸಿ ಮುಂದಿಡುವ ಚಲನಚಿತ್ರಕ್ಕೆ ಸಾಕ್ಷ್ಯಚಿತ್ರವೆಂದು ಹೆಸರು. ಭಾರತದಲ್ಲಿ 1948ರಲ್ಲಿ ಸ್ಥಾಪಿತವಾದ ಫಿಲಂಸ್ ಡಿವಿಷನ್ ಇಂತಹ ಚಿತ್ರಗಳನ್ನು ಹೇರಳವಾಗಿ ನಿರ್ಮಿಸಿತು. ದಶಕಗಳ ಕಾಲ ಚಿತ್ರಮಂದಿರಗಳಲ್ಲಿ ಕಥಾಚಿತ್ರಕ್ಕೆ ಮೊದಲು ಅವುಗಳ ಪ್ರದರ್ಶನ ಕಡ್ಡಾಯವಾಗಿದ್ದಿತು. ಆದರೆ ಆ ಚಿತ್ರ ಮುಗಿದೊಡನೆ ಕಥಾಚಿತ್ರ ಆರಂಭವಾಗುತ್ತಿತ್ತು. ಕಂಡುದರ ವಿಷಯವಾಗಿ ನೆರೆಯವನೊಡನೆ ಒಂದು ಮಾತನಾಡುವುದಕ್ಕೂ ಅಲ್ಲಿ ಎಡೆಯಿರಲಿಲ್ಲ. ಕೇವಲ ನೋಟದಿಂದ ಸಮಾಜ ಬದಲಾಗುವುದಿಲ್ಲ. ಕೂಡಿ ನೋಡುವುದು, ಕೂಡಿ ವಿಚಾರಿಸುವುದು, ವಿಚಾರಿಸಿದುದನ್ನು ಕಾರ್ಯಕ್ಕೆ ಇಳಿಸುವುದು—ಈ ಮೂರೂ ಒಂದಾದಾಗಲೇ ಚಿತ್ರಪ್ರದರ್ಶನವು ಶಿಕ್ಷಣವೆನಿಸುತ್ತದೆ.

ಎರಡು ನಿದರ್ಶನಗಳು

ಕನ್ನಡ ನಾಡಿನಲ್ಲಿ ಈ ದಾರಿಯನ್ನು ತೋರಿದವರಲ್ಲಿ ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರು ಪ್ರಮುಖರು. 1973ರಲ್ಲಿ ಅಲ್ಲಿ ನೀನಾಸಂ ಚಿತ್ರಸಮಾಜವು ಆರಂಭವಾಯಿತು. 1983ರಿಂದ 1985ರವರೆಗೆ ನಡೆದ ‘ಜನಸ್ಪಂದನ’ ಯೋಜನೆಯು ಕರ್ನಾಟಕದ ಹಳ್ಳಿಹಳ್ಳಿಗಳಿಗೆ ರಂಗಶಿಬಿರಗಳನ್ನೂ ಚಿತ್ರೋತ್ಸವಗಳನ್ನೂ ಕೊಂಡೊಯ್ದಿತು. ಅಲ್ಲಿ ತೋರಿಸಿದವು ಬಹುಮಟ್ಟಿಗೆ ಕಥಾಚಿತ್ರಗಳೇ ಆದರೂ, ಗ್ರಾಮೀಣ ಜನರು ಗಂಭೀರ ಚಿತ್ರವನ್ನು ನೋಡಿ ವಿಮರ್ಶಿಸಲಾರರೆಂಬ ನಗರವಾಸಿಗಳ ತಪ್ಪು ಕಲ್ಪನೆ ಅದರಿಂದ ದೂರವಾಯಿತು.

ಎರಡನೆಯ ನಿದರ್ಶನ ಕೆನಡಾ ದೇಶದ್ದು. ನ್ಯೂಫೌಂಡ್‌ಲೆಂಡಿನ ಫೋಗೋ ಎಂಬ ದ್ವೀಪದ ಬೆಸ್ತರು ತಮ್ಮ ನೆಲವನ್ನು ಬಿಟ್ಟು ಬೇರೆಡೆ ನೆಲೆಸಬೇಕಾದ ಭೀತಿಯಲ್ಲಿದ್ದರು. 1967ರಲ್ಲಿ ಕಾಲಿನ್ ಲೋ ಎಂಬ ನಿರ್ದೇಶಕರು ಅವರ ಮಾತುಗಳನ್ನೇ ಕಿರುಚಿತ್ರಗಳಲ್ಲಿ ಹಿಡಿದು ಮೊದಲು ಆ ದ್ವೀಪದವರಿಗೇ ತೋರಿಸಿದರು. ಬೇರೆ ಬೇರೆ ಹಳ್ಳಿಗಳಲ್ಲಿ ಹಂಚಿಹೋಗಿದ್ದ ಜನರು ತಮ್ಮ ಕಷ್ಟ ಎಲ್ಲರದೂ ಒಂದೇ ಎಂಬುದನ್ನು ಪರದೆಯ ಮೇಲೆ ಕಂಡರು. ಬಳಿಕ ಆ ಚಿತ್ರಗಳನ್ನು ಸರ್ಕಾರದವರೂ ನೋಡಿದರು. ಚಿತ್ರವೊಂದೇ ಕಾರಣವಲ್ಲವಾದರೂ, ದ್ವೀಪದವರು ಸಹಕಾರಿ ಸಂಘವನ್ನು ಕಟ್ಟಿಕೊಂಡು ಅಲ್ಲಿಯೇ ಉಳಿದರು.

ರಾಬರ್ಟ್‌ಸನ್‌ಪೇಟೆಯ ಪಾಠ

ಇಂತಹ ಪಾಠಕ್ಕಾಗಿ ರಾಬರ್ಟ್‌ಸನ್‌ಪೇಟೆಯವರು ದೂರ ಹೋಗಬೇಕಾಗಿಲ್ಲ. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದು ಬಂದಿತು. ಅಂತಹ ಊರಿನಲ್ಲಿಯೇ ಆ ಶತಮಾನದ ಕೊನೆಯ ದಶಕದವರೆಗೂ ಒಣ ಪಾಯಿಖಾನೆಗಳು ಉಳಿದಿದ್ದವು. ಅವುಗಳನ್ನು ಮನುಷ್ಯರೇ ಕೈಯಿಂದ ಬಳಿದು ಹೊರಬೇಕಾಗಿದ್ದಿತು. ಮಲ ಹೊರುವ ಪದ್ಧತಿಯನ್ನು ತೊಡೆಯಲು 1970ರ ದಶಕದಲ್ಲಿ ದೇವರಾಜ ಅರಸರ ಸಚಿವ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಶ್ರಮಿಸಿದ್ದರು, 1993ರಲ್ಲಿ ಕೇಂದ್ರದ ನಿಷೇಧ ಕಾಯಿದೆಯೂ ಬಂದಿತು. ಆದರೂ ನಿತ್ಯ ಕಣ್ಣೆದುರಿನಲ್ಲಿದ್ದುದನ್ನು ಊರು ಕಾಣದೆ ಉಳಿಯಿತು.

ಆ ವೃತ್ತಿಯ ಕುಟುಂಬವೊಂದರಲ್ಲಿ 1966ರಲ್ಲಿ ಇದೇ ಗಣಿಪ್ರದೇಶದಲ್ಲಿ ಜನಿಸಿದ ಬೆಜವಾಡ ವಿಲ್ಸನ್ ಅವರು ಅಂಥ ಪಾಯಿಖಾನೆಗಳನ್ನೂ ಅಲ್ಲಿನ ದುಡಿಮೆಯನ್ನೂ ಛಾಯಾಚಿತ್ರಗಳಲ್ಲಿ ಸೆರೆಹಿಡಿದರು. ಸುದ್ದಿ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಷಯ ಸಂಸತ್ತಿನವರೆಗೂ ಹೋಯಿತು. ಗಣಿಯ ಆಡಳಿತವು ಒಣ ಪಾಯಿಖಾನೆಗಳನ್ನು ನೀರಿನ ಶೌಚಾಲಯಗಳನ್ನಾಗಿ ಮಾರ್ಪಡಿಸಿ ಕೆಲಸಗಾರರನ್ನು ಬೇರೆ ಕೆಲಸಕ್ಕೆ ನಿಯೋಜಿಸಿತು. ವಿಲ್ಸನ್ ಅವರೂ ಸೇರಿ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನವು 2003ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ತಮ್ಮಲ್ಲಿ ಇಂತಹ ಪದ್ಧತಿ ಇಲ್ಲವೆಂದು ರಾಜ್ಯಗಳು ಪ್ರಮಾಣಪತ್ರ ಸಲ್ಲಿಸಿದಾಗ ಛಾಯಾಚಿತ್ರಗಳೇ ಸಾಕ್ಷಿಯಾಗಿ ನಿಂತವು. 2013ರಲ್ಲಿ ಹೊಸ ಕಾಯಿದೆ ಬಂದಿತು. ಚರಂಡಿ ಮತ್ತು ಶೌಚಗುಂಡಿಗಳಲ್ಲಿ ಮಡಿದವರ ಕುಟುಂಬಗಳಿಗೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು 2014ರ ಮಾರ್ಚ್ 27ರ ತೀರ್ಪು ವಿಧಿಸಿತು. 2023ರಲ್ಲಿ ಅದೇ ನ್ಯಾಯಾಲಯ ಈ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಲಭಿಸಿತು. ಚಿತ್ರವು ಸಾಕ್ಷಿ ನುಡಿದದ್ದು ನಿಜ. ಆದರೆ ಫಲ ದೊರೆತದ್ದು ಅದನ್ನು ಹಿಡಿದು ವರ್ಷಗಟ್ಟಲೆ ನಡೆದವರ ಹಟದಿಂದ.

ಈ ವಿಷಯವನ್ನು ಕುರಿತ ಸಾಕ್ಷ್ಯಚಿತ್ರಗಳೂ ಇವೆ. ಸ್ಟಾಲಿನ್ ಕೆ. ಅವರ ‘ಲೆಸ್ಸರ್ ಹ್ಯೂಮನ್ಸ್’ (1998) ಗುಜರಾತಿನ ಸ್ಥಿತಿಯನ್ನು ತೋರಿತು. ದಿವ್ಯಾ ಭಾರತಿ ಅವರ ತಮಿಳು ಚಿತ್ರ ‘ಕಕ್ಕೂಸ್’ (2017) ತಮಿಳುನಾಡಿನ ಕೆಲವೆಡೆ ಪೊಲೀಸರ ಅಡ್ಡಿಯನ್ನು ಎದುರಿಸಿತು. ಕನ್ನಡ, ತಮಿಳು, ತೆಲುಗು ಮೂರೂ ಮನೆಮಾತಾಗಿರುವ ರಾಬರ್ಟ್‌ಸನ್‌ಪೇಟೆಗೆ ಆ ಚಿತ್ರದ ಭಾಷೆಯೂ ಹೊರತಲ್ಲ, ವಸ್ತುವೂ ಹೊರತಲ್ಲ.

ಪ್ರದರ್ಶನದ ಕ್ರಮ

ಪ್ರದರ್ಶನವನ್ನು ಏರ್ಪಡಿಸುವ ಅಧ್ಯಾಪಕರು ಮೊದಲು ತಾವು ಚಿತ್ರವನ್ನು ಪೂರ್ತಿಯಾಗಿ ನೋಡಿ, ಅದು ಎಂತಹ ವಯಸ್ಸಿನವರಿಗೆ ತಕ್ಕುದೆಂಬುದನ್ನು ನಿರ್ಣಯಿಸಬೇಕು. ನಿರ್ಮಾಪಕರ ಅನುಮತಿಯನ್ನು ಪಡೆಯಬೇಕು. ದಿನವನ್ನು ಜನರ ಅನುಕೂಲ ನೋಡಿ ಗೊತ್ತುಮಾಡಬೇಕು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಇಲ್ಲಿನ ಸಹಸ್ರಾರು ಮಂದಿ ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂತಿರುಗುವವರಾದರು. ಅಂಥವರಿಗೆ ಭಾನುವಾರದ ಹೊರತು ಬೇರೆ ಬಿಡುವಿಲ್ಲ. ಜನರೆಲ್ಲ ಶಾಲೆಗೇ ಬರಲೆಂದು ಕಾಯುವುದಕ್ಕಿಂತ ಗಣಿ ಲೈನುಗಳ ಬಯಲಿನಲ್ಲಿ ಬಿಳಿಯ ಪರದೆ ಕಟ್ಟುವುದು ಲೇಸು.

ಚಿತ್ರ ಮುಗಿದ ಬಳಿಕ ದೀರ್ಘ ಭಾಷಣ ಕೂಡದು. ಸಭೆಯನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ವಿಂಗಡಿಸಿ, ಹೆಂಗಸರಿಗೂ ಕಿರಿಯರಿಗೂ ಮಾತಿನ ಅವಕಾಶ ದೊರೆಯುವಂತೆ ನೋಡಿಕೊಂಡು, ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟರೆ ಸಾಕು: ಏನನ್ನು ಕಂಡಿರಿ? ಇದು ನಿಮ್ಮ ಬೀದಿಯಲ್ಲಿ ಯಾವ ರೂಪದಲ್ಲಿದೆ? ಅದಕ್ಕೆ ಹೊಣೆ ಯಾರು? ಒಂದು ತಿಂಗಳೊಳಗೆ ಏನು ಮಾಡಬಹುದು? ಆ ದುಡಿಮೆಯನ್ನು ಅನುಭವಿಸಿದವರು ಸಭೆಯಲ್ಲಿದ್ದರೆ ಅವರ ಮಾತೇ ಮೊದಲಾಗಲಿ. ಆದರೆ ಮಾತನಾಡೆಂದು ಯಾರನ್ನೂ ಬಲವಂತಪಡಿಸಬಾರದು. ಅನುಕಂಪದ ವಸ್ತುವನ್ನಾಗಿ ಅವರನ್ನು ತೋರಿಸುವುದು ಇನ್ನೊಂದು ಬಗೆಯ ಅವಮಾನವೇ ಸರಿ.

ಕೊನೆಯಲ್ಲಿ ತೀರ್ಮಾನಗಳನ್ನು ಬರೆದಿಡಬೇಕು: ಕೆಲಸ ಯಾವುದು, ಮಾಡುವವರಾರು, ಎಂದಿಗೆ. ನಗರಸಭೆಗೆ ಮನವಿ ಸಲ್ಲಿಸುವುದು, 2013ರ ಕಾಯಿದೆಯಂತೆ ಜಿಲ್ಲೆ ಹಾಗೂ ಉಪವಿಭಾಗಗಳಲ್ಲಿ ಇರಬೇಕಾದ ಜಾಗೃತಿ ಸಮಿತಿಯ ಗಮನಕ್ಕೆ ವಿಷಯವನ್ನು ತರುವುದು ಮುಂತಾದ ಕಾರ್ಯಗಳು ಅದರಲ್ಲಿ ಸೇರಬಹುದು. ಮುಂದಿನ ಪ್ರದರ್ಶನವು ಆ ಪಟ್ಟಿಯ ವಾಚನದಿಂದಲೇ ಆರಂಭವಾಗಬೇಕು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಶಾಲೆ, ವಿದ್ಯಾರ್ಥಿನಿಲಯ, ಕಲ್ಯಾಣಮಂಟಪ, ವಸತಿಗೃಹ ಇವುಗಳ ಶೌಚಗುಂಡಿಗಳನ್ನು ಬರಿದುಮಾಡುವವರು ಯಾರು? ಸಕ್ಕಿಂಗ್ ಯಂತ್ರ ಬರುತ್ತದೆಯೋ, ಅಥವಾ ರಾತ್ರಿಯ ಹೊತ್ತು ಯಾರೋ ಬಡವನು ಕೂಲಿಗಾಗಿ ಒಳಗಿಳಿಯುತ್ತಾನೆಯೋ? ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ತಮ್ಮ ತಮ್ಮ ಕಟ್ಟಡಗಳ ಮಟ್ಟಿಗೆ ಈ ಪ್ರಶ್ನೆಗೆ ನಿಸ್ಸಂಕೋಚವಾಗಿ ಉತ್ತರ ಕೊಡಬಲ್ಲವರಾದ ಮೇಲೆ ಪರದೆಯನ್ನು ಕಟ್ಟುವುದು ಉಚಿತ. ಆಗ ಚಿತ್ರ ನೋಡಿದ ವಿದ್ಯಾರ್ಥಿಯು ಎದ್ದು ಅದೇ ಪ್ರಶ್ನೆಯನ್ನು ಕೇಳಿದರೆ ಹಿರಿಯರು ತಲೆತಗ್ಗಿಸಬೇಕಾಗುವುದಿಲ್ಲ.