ವೇಗದ ಓಟ ಬಿಡುವ ಹೊತ್ತು
ಅರವತ್ತು ತುಂಬಿತು, ಇಂಟರ್ವಲ್ ಓಟ ಬಿಡಲೇ ಎಂದು ಕೇಳಿದ್ದೀರಿ. ವಯಸ್ಸು ನೋಡಿ ಬಿಡಬೇಡಿ, ಚೇತರಿಕೆ ನೋಡಿ ತೀರ್ಮಾನಿಸಿ. ದೇಹವು ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ನಡುವಯಸ್ಸಿನ ನಂತರ ದಶಕಕ್ಕೆ ಸುಮಾರು ಶೇ 10ರಷ್ಟು ಕುಗ್ಗುತ್ತದೆ. ಬಿರುಸಿನ ಅಭ್ಯಾಸ ಉಳಿಸಿಕೊಂಡವರಲ್ಲಿ ಸಾಮಾನ್ಯವಾಗಿ ಇಳಿಕೆ ನಿಧಾನ. 73ನೇ ವಯಸ್ಸಿನಲ್ಲಿ ಮೂರು ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದ ಕೆನಡಾದ ಎಡ್ ವಿಟ್ಲಾಕ್ ದಿನವೂ ನಿಧಾನವಾಗಿಯೇ ಓಡುತ್ತಿದ್ದರಲ್ಲ ಎನ್ನಬಹುದು. ನಿಜ, ಆದರೆ ಅವರು ಮೇಲಿಂದ ಮೇಲೆ ಸ್ಪರ್ಧೆಗಿಳಿಯುತ್ತಿದ್ದರು, ಬಿರುಸು ಅಲ್ಲಿತ್ತು. ತೊಡಕಿರುವುದು ಹಿಮ್ಮಡಿಯ ಸ್ನಾಯುರಜ್ಜುವಿನಲ್ಲಿ. ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೇ ಅದು ಬಿಗಿದು, ಮೂರು ದಿನವಾದರೂ ಸಡಿಲವಾಗದಿದ್ದರೆ ವಾರಕ್ಕೆರಡು ಬಾರಿಯ ವೇಗದ ಓಟವನ್ನು ಹತ್ತು ದಿನಕ್ಕೊಮ್ಮೆ ಮಾಡಿ. ಆಗಲೂ ಬಗ್ಗದಿದ್ದರೆ ಆ ಏದುಸಿರನ್ನು ಸೈಕಲ್ಲಿಗೆ ವರ್ಗಾಯಿಸಿ. ಏರುದಾರಿಯ ಓಟ ಮಾತ್ರ ಬೇಡ, ಅದು ಆ ರಜ್ಜು ಅಂಟಿರುವ ಮೀನಖಂಡವನ್ನೇ ಜಗ್ಗುತ್ತದೆ. ಎದೆ ಹಿಡಿದಂತಾದರೆ ಈ ಲೆಕ್ಕಾಚಾರವೆಲ್ಲ ಬಿಟ್ಟು ತಡಮಾಡದೆ ವೈದ್ಯರನ್ನು ಕಾಣಿ.