ಲಿನಕ್ಸ್ ಕರ್ನೆಲ್ಲಿನಲ್ಲಿ ಒಂದು ತಿದ್ದುಪಡಿಯ ಪ್ರಯಾಣ

ಕಂಪ್ಯೂಟರಿನ ಯಂತ್ರಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು, ಯಾರಿಗೆ ಎಷ್ಟು ಮೆಮೊರಿ, ಯಾರಿಗೆ ಯಾವಾಗ ಸರದಿ ಎಂಬುದನ್ನೆಲ್ಲ ತೀರ್ಮಾನಿಸುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎಂದು ಹೆಸರು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬವರು ಆರಂಭಿಸಿದ ಲಿನಕ್ಸ್ ಕರ್ನೆಲ್ಲು ಇಂದು ದೊಡ್ಡ ಸರ್ವರುಗಳಲ್ಲಿಯೂ ನಮ್ಮ ಜೇಬಿನ ಆಂಡ್ರಾಯ್ಡ್ ಫೋನುಗಳಲ್ಲಿಯೂ ಇದೆ. ಕಲಾ ಕಾಲೇಜಿನ ಸಂಚಿಕೆಗೆ ಈ ವಿಷಯವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಸಾವಿರಾರು ಮಂದಿ ಒಬ್ಬರ ಮುಖ ಒಬ್ಬರು ಕಾಣದೆ ಒಂದೇ ಕೆಲಸವನ್ನು ನಡೆಸಿಕೊಂಡು ಹೋಗುವ ರೀತಿನೀತಿ ಇದರಲ್ಲಿ ಅಡಗಿರುವುದರಿಂದ ಇದು ಸಮಾಜಶಾಸ್ತ್ರಕ್ಕೂ ಸಲ್ಲುವ ವಿಷಯವೆಂದೇ ನನ್ನ ಭಾವನೆ.

ತಂತ್ರಾಂಶದ ದೋಷಗಳಲ್ಲಿ ಎರಡು ಬಗೆಯುಂಟು. ಎಂದೂ ಸರಿಯಾಗಿ ನಡೆಯದಿದ್ದುದು ಒಂದು. ನಿನ್ನೆಯವರೆಗೆ ನಡೆಯುತ್ತಿದ್ದು, ಹೊಸ ಆವೃತ್ತಿ ಬಂದೊಡನೆ ಕೆಟ್ಟದ್ದು ಇನ್ನೊಂದು. ಈ ಎರಡನೆಯದನ್ನು ರಿಗ್ರೆಷನ್ ಎನ್ನುತ್ತಾರೆ. ಹೊಸದನ್ನು ಹಾಕಿಕೊಂಡರೆ ಇದ್ದದ್ದೂ ಹೋಗುತ್ತದೆಂಬ ಭಯ ಒಮ್ಮೆ ಹೊಕ್ಕಿತೆಂದರೆ ಜನರು ಹಳೆಯ ಆವೃತ್ತಿಗೇ ಅಂಟಿಕೊಳ್ಳುತ್ತಾರೆ. ಆಗ ಭದ್ರತೆಯ ತಿದ್ದುಪಡಿಗಳೂ ಅವರನ್ನು ತಲುಪುವುದಿಲ್ಲ. ಆದುದರಿಂದಲೇ, ಬಳಕೆದಾರರ ತಂತ್ರಾಂಶವನ್ನು ಕರ್ನೆಲ್ಲು ಕೆಡಿಸಕೂಡದೆಂಬುದು ಲೀನಸ್ ಅವರ ಮೊದಲ ನಿಯಮ. 2012ರ ಡಿಸೆಂಬರಿನಲ್ಲಿ ವಿಡಿಯೋ ವಿಭಾಗದ ಒಂದು ದೋಷಸಂಕೇತವನ್ನು ಬದಲಿಸಿದ್ದರಿಂದ ಧ್ವನಿಯ ತಂತ್ರಾಂಶಕ್ಕೆ ತೊಂದರೆಯಾಯಿತು. ತಪ್ಪು ಆ ತಂತ್ರಾಂಶದ್ದೆಂಬ ವಾದ ಬಂದಾಗ ಅವರು ಬಹಿರಂಗವಾಗಿಯೇ ಕಟುವಾಗಿ ಗದರಿದರು. ಗದರಿದ ರೀತಿ ನನಗೆ ಒಪ್ಪಿಗೆಯಿಲ್ಲ. ತಮ್ಮ ಒರಟು ನಡವಳಿಕೆಗಾಗಿ 2018ರಲ್ಲಿ ಅವರೇ ಕ್ಷಮೆ ಕೇಳಿದರು. ನಿಯಮವಂತೂ ಸರಿಯಾದುದೇ.

ಒಂದು ಆವೃತ್ತಿಯಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಬದಲಾವಣೆಗಳಿರುವಾಗ ತಪ್ಪಿನ ಮೂಲವನ್ನು ಹುಡುಕುವುದು ಹೇಗೆ? ನಿಘಂಟಿನಲ್ಲಿ ಪದ ಹುಡುಕುವಂತೆ, ಮಧ್ಯಕ್ಕೆ ತೆರೆಯುವುದು. ಅಲ್ಲಿಯವರೆಗಿನ ಕರ್ನೆಲ್ಲನ್ನು ಕಟ್ಟಿ ನೋಡಿ, ಸರಿಯಿದ್ದರೆ ತಪ್ಪು ಅನಂತರದ ಅರ್ಧದಲ್ಲಿ, ಕೆಟ್ಟಿದ್ದರೆ ಹಿಂದಿನ ಅರ್ಧದಲ್ಲಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಹತ್ತು ಸಾವಿರದೊಳಗಿನ ಒಂದನ್ನು ಸುಮಾರು 14 ಹೆಜ್ಜೆಗಳಲ್ಲಿ ಹಿಡಿಯಬಹುದು. ಮುಚ್ಚಿ ತೆರೆದರೆ ಏಳಲೊಲ್ಲದಾದ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಇದನ್ನು ನಾನೇ ಮಾಡಿ ನೋಡಿದ್ದೇನೆ. ಒಂದೊಂದು ಹೆಜ್ಜೆಗೂ ಗಂಟೆಗಟ್ಟಲೆ ಕಾಯಬೇಕಾಯಿತಾದರೂ ಕೊನೆಗೆ ಒಂದೇ ಒಂದು ಬದಲಾವಣೆಯ ಮೇಲೆ ಬೆರಳಿಟ್ಟಾಗ ಆದ ಸಂತೋಷ ಹೇಳತೀರದು. ಮೂಲ ಸಿಕ್ಕಿದರೆ ಮದ್ದು ಬರೆಯುವುದು ಎಷ್ಟೋ ಸಲ ನಾಲ್ಕು ಸಾಲಿನ ಕೆಲಸ.

ಆದರೆ ಬರೆದ ಮಾತ್ರಕ್ಕೆ ಅದು ಜನರನ್ನು ತಲುಪಿತೆಂದು ತಿಳಿಯಬಾರದು. ಕರ್ನೆಲ್ಲಿನ ಒಂದು ಆವೃತ್ತಿಗೂ ಮುಂದಿನದಕ್ಕೂ ಒಂಬತ್ತು ಹತ್ತು ವಾರಗಳ ಅಂತರ. ಮೊದಲ ಎರಡು ವಾರ ಹೊಸ ಸಂಗತಿಗಳಿಗೆ ಬಾಗಿಲು ತೆರೆದಿರುತ್ತದೆ. ಆಮೇಲೆ ಅದನ್ನು ಮುಚ್ಚಿ, ವಾರಕ್ಕೊಂದು ಪರೀಕ್ಷಾ ಆವೃತ್ತಿಯಂತೆ ಏಳೆಂಟು ವಾರ ತಿದ್ದುಪಡಿಗಳಿಗಷ್ಟೇ ಪ್ರವೇಶ. ಸಾಮಾನ್ಯವಾಗಿ ಅವು ಕೂಡ ಆಯಾ ವಿಭಾಗದ ಪಾಲಕರ ಕೈದಾಟಿಯೇ ಲೀನಸ್ ಅವರನ್ನು ಸೇರಬೇಕು. ಈ ಪಾಲಕರಲ್ಲಿ ಹೆಚ್ಚಿನವರ ಬಳಿ ಎರಡು ರಾಶಿಗಳಿರುತ್ತವೆ: ಕೂಡಲೇ ಕಳುಹಿಸತಕ್ಕದ್ದೊಂದು, ಮುಂದಿನ ಸಲ ಬಾಗಿಲು ತೆರೆದಾಗ ಕಳುಹಿಸತಕ್ಕದ್ದೊಂದು. ಇಡೀ ವಿಷಯದ ಗಂಟು ಇರುವುದು ಇಲ್ಲಿಯೇ. ಎರಡನೆಯ ಪರೀಕ್ಷಾ ಆವೃತ್ತಿಯ ವೇಳೆಗೆ ಸಿದ್ಧವಾದ ಮದ್ದನ್ನು ಪಾಲಕರು ಎರಡನೆಯ ರಾಶಿಗೆ ಹಾಕಿದರೆ ಏನಾಗುತ್ತದೆ? ಸುಮಾರು ಆರು ವಾರ ಅದು ಅಲ್ಲಿಯೇ ಕೊಳೆಯುತ್ತದೆ. ಅಷ್ಟರಲ್ಲಿ ಆ ದೋಷವನ್ನು ಹೊತ್ತ ಆವೃತ್ತಿ ಅಧಿಕೃತವಾಗಿ ಹೊರಬಿದ್ದಿರುತ್ತದೆ. ದೋಷ ಗೊತ್ತಿದೆ, ಮದ್ದು ಕೈಯಲ್ಲಿದೆ, ಆದರೂ ದೋಷವೇ ಮೊದಲು ಜನರ ಮನೆ ಸೇರಿತು! ಹೊರಬಿದ್ದ ಆವೃತ್ತಿಗಳಿಗೆ ತಿದ್ದುಪಡಿ ಒದಗಿಸುವ ಸ್ಥಿರ ಶಾಖೆಯೊಂದು 2005ರಿಂದಲೂ ಇದೆಯಷ್ಟೆ. ಆದರೆ ಮುಖ್ಯ ಭಂಡಾರಕ್ಕೆ ಸೇರದ ಯಾವುದನ್ನೂ ಅದು ಸ್ವೀಕರಿಸುವುದಿಲ್ಲ. ತೀವ್ರವಾದ ರಿಗ್ರೆಷನ್ನಿಗೆ ಎರಡು ಮೂರು ದಿನಗಳಲ್ಲೇ ಮುಖ್ಯ ಭಂಡಾರದಲ್ಲಿ ಪರಿಹಾರ ಸೇರಿಸಲು ಯತ್ನಿಸಬೇಕೆಂದು ಕರ್ನೆಲ್ಲಿನ ಮಾರ್ಗದರ್ಶಿಕೆಯೇ ಹೇಳುತ್ತದೆ.

ಕಳುಹಿಸುವವರ ಕರ್ತವ್ಯವೂ ಇಲ್ಲಿ ಉಂಟು. ಯಾವ ಬದಲಾವಣೆಯಿಂದ ಕೆಟ್ಟಿತೆಂಬುದನ್ನು ಅದರ ಗುರುತುಸಂಖ್ಯೆಯ ಮೊದಲ 12 ಅಕ್ಷರಗಳೊಡನೆ ನಮೂದಿಸಬೇಕು. ದೂರಿತ್ತವರು ಯಾರು, ಪರೀಕ್ಷಿಸಿದವರು ಯಾರು, ಸ್ಥಿರ ಶಾಖೆಗೂ ಬೇಕೇ ಎಂಬುದನ್ನು ತಿಳಿಸಬೇಕು. ಇಷ್ಟಿದ್ದರೆ ಯಾವ ರಾಶಿಗೆ ಸೇರಿಸಬೇಕೆಂದು ಪಾಲಕರು ಯೋಚಿಸಬೇಕಾಗಿಲ್ಲ. ಮದ್ದು ಬೇಗ ಹೊಳೆಯದಿದ್ದಲ್ಲಿ ಕೆಡಿಸಿದ ಬದಲಾವಣೆಯನ್ನೇ ಹಿಂತೆಗೆದುಕೊಳ್ಳುವುದು ಲೇಸು. ಇದನ್ನು ಕೆಲವರು ಅವಮಾನವೆಂದು ಭಾವಿಸುವುದು ನನಗೆ ವಿಚಿತ್ರವಾಗಿ ತೋರುತ್ತದೆ.

ಮನಸ್ಸಿದ್ದರೆ ಎಷ್ಟು ಬೇಗ ಆಗುತ್ತದೆಂಬುದಕ್ಕೆ 2021ರ ಮಾರ್ಚ್ ಸಾಕ್ಷಿ. ಮೆಮೊರಿ ಸಾಲದಾದಾಗ ಡಿಸ್ಕಿನ ಕಡತವೊಂದರಲ್ಲಿ ಹೆಚ್ಚಿನದನ್ನು ಇರಿಸುವ ಪದ್ಧತಿಯುಂಟು. 5.12ರ ಮೊದಲ ಪರೀಕ್ಷಾ ಆವೃತ್ತಿ ಅದನ್ನು ತಪ್ಪು ಜಾಗಕ್ಕೆ ಬರೆದು ಬೇರೆ ಕಡತಗಳನ್ನು ಹಾಳುಮಾಡುತ್ತಿತ್ತು. ಲೀನಸ್ ಅವರು ಆ ಆವೃತ್ತಿಯ ಹೆಸರಿಗೇ ‘ಬಳಸಬೇಡಿ’ ಎಂಬ ಮಾತನ್ನು ಜೋಡಿಸಿ, ಭಾನುವಾರಕ್ಕೆ ಕಾಯದೆ ಶುಕ್ರವಾರವೇ ಎರಡನೆಯದನ್ನು ಹೊರಡಿಸಿದರು.

ಹಾಗಾದರೆ ಪಾಲಕರು ಅನುಮಾನಿಸುವುದು ಬರಿಯ ಆಲಸ್ಯವೇ? ಅಲ್ಲ. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಎಕ್ಸ್ಟ್4 ಎಂಬ ಕಡತವ್ಯವಸ್ಥೆಯ ಒಂದು ತಿದ್ದುಪಡಿಯನ್ನು 2023ರಲ್ಲಿ ಸ್ಥಿರ ಶಾಖೆಯ 6.1.64ಕ್ಕೆ ಇಳಿಸಿದರು. ಮುಖ್ಯ ಭಂಡಾರದಲ್ಲಿ ಅದು ಮತ್ತೊಂದು ಹಿಂದಿನ ಬದಲಾವಣೆಯ ಆಸರೆಯ ಮೇಲೆ ನಿಂತಿತ್ತು. ಆ ಆಸರೆ ಹಳೆಯ ಶಾಖೆಯಲ್ಲಿ ಇರಲಿಲ್ಲ. ಪರಿಣಾಮವಾಗಿ ಜನರ ದತ್ತಾಂಶಕ್ಕೇ ಕುತ್ತು ಬಂದಿತು. ಆ ಕರ್ನೆಲ್ಲನ್ನು ಒಳಗೊಂಡಿದ್ದ ಡೆಬಿಯನ್ 12.3ರ ಬಿಡುಗಡೆಯನ್ನು ಡಿಸೆಂಬರ್ 9ರಂದು ತಡೆಹಿಡಿದರು. ಮರುದಿನ ಸರಿಪಡಿಸಿದ ಕರ್ನೆಲ್ಲಿನೊಡನೆ ಹೊರಬಂದದ್ದು 12.4.