ರೂತಳ ಮೊದಲ ದಿನದ ಕೆಲಸ

ಪಿಯುಸಿ ಪರೀಕ್ಷೆ ಮುಗಿದ ಮೇಲೆ ನಿಮ್ಮಲ್ಲಿ ಎಷ್ಟೋ ಜನ ಬಂದು, "ಬ್ರದರ್, ಒಂದು ಪಾರ್ಟ್ ಟೈಮ್ ಕೆಲಸ ಸಿಗೋ ಹಾಗೆ ಪ್ರಾರ್ಥನೆ ಮಾಡಿ" ಅಂದ್ರಿ. ಮಾಡ್ತೀನಿ. ಜೊತೆಗೆ ರೂತಳು 2ನೇ ಅಧ್ಯಾಯ ತೆಗೀರಿ. ಇದನ್ನ ನಾವು ಮದುವೆಗಳಲ್ಲೇ ಹೆಚ್ಚು ಕೇಳಿರ್ತೀವಿ. ಇವತ್ತು ಕೆಲಸ ಹುಡುಕಿಕೊಂಡು ಹೊರಟ ಒಬ್ಬ ಹೆಣ್ಣುಮಗಳ ಕಥೆಯಾಗಿ ಓದೋಣ.

ರೂತಳು ಮೋವಾಬಿನವಳು. ಬೇತ್ಲೆಹೇಮಿಗೆ ಹೊಸಬಳು, ಕೈಯಲ್ಲಿ ಕಾಸಿಲ್ಲ. ಮೊದಲು ಏನು ಮಾಡಿದಳು? ಅತ್ತೆ ನೊವೊಮಿಗೆ ಹೇಳಿದಳು. ಆಮೇಲೆ ಹೊಲಕ್ಕೆ ಹೋಗಿ, ಕೊಯ್ಯುವವರ ಮೇಲ್ವಿಚಾರಕನನ್ನ ಬಾಯಿಬಿಟ್ಟು ಕೇಳಿದಳು. ನೀವು ರಾತ್ರಿ ಹನ್ನೊಂದಕ್ಕೆ ಮಲಗಿಕೊಂಡು ಮೊಬೈಲಲ್ಲಿ ನಲವತ್ತು ಕಡೆ ಅಪ್ಲೈ ಮಾಡ್ತೀರಿ. ಮನೆಯಿಂದ ಹತ್ತು ನಿಮಿಷ ದೂರದ ಬೇಕರಿ, ಜೆರಾಕ್ಸ್ ಅಂಗಡಿ, ಸ್ಟೇಷನರಿ, ಮೆಡಿಕಲ್ ಸ್ಟೋರಿನವರನ್ನ ಕೇಳೇ ಇರಲ್ಲ. ಮೇ ಕೊನೆ, ಜೂನ್ ಅಂದ್ರೆ ಸ್ಕೂಲ್ ಪುಸ್ತಕದ ಸೀಸನ್, ಸ್ಟೇಷನರಿ ಅಂಗಡಿಯವರಿಗೆ ಕೈ ಸಾಲಲ್ಲ. ದೀಪಾವಳಿ ಮುಂಚೆ ಬಟ್ಟೆ ಅಂಗಡಿಗಳದ್ದೂ ಅದೇ ಕಥೆ. ಹೋಗೋದು ಮಾತ್ರ ರಶ್ ಇಲ್ಲದ ಹೊತ್ತಲ್ಲಿ. ಸಂಜೆ ಆರೂವರೆಗೆ ಬೇಕರಿ ಕೌಂಟರ್ ಮುಂದೆ ನಿಂತು ಕೆಲಸ ಕೇಳಿದ್ರೆ ಯಾರು ತಾನೇ ಉತ್ತರ ಕೊಡ್ತಾರೆ?

ಬೋವಜ ಬಂದು ಮೊದಲು ವಿಚಾರಿಸಿದ್ದು ಈಕೆ ಯಾರ ಕಡೆಯವಳು ಅಂತ. ಅಂಗಡಿ ಓನರೂ ಅದನ್ನೇ ಕೇಳ್ತಾರೆ. ನಿಮಗೆ ಅನುಭವ ಇಲ್ಲ ಅಂತ ಅವರಿಗೂ ಗೊತ್ತು. ಕ್ಯಾಶ್ ಹತ್ರ ನಿಲ್ಲಿಸಬಹುದಾ ಅನ್ನೋದೇ ಅವರ ಚಿಂತೆ. ಅದಕ್ಕೆ ನಾಲ್ಕು ಪುಟದ ರೆಸ್ಯೂಮೆ ಬೇಡ. ಅರ್ಧ ಹಾಳೆ ಸಾಕು: ಹೆಸರು, ವಯಸ್ಸು, ಕಾಲೇಜು, ಯಾವ ದಿನ ಯಾವ ಹೊತ್ತು ಬರಬಲ್ಲಿರಿ, ಅಪ್ಪ ಅಥವಾ ಅಮ್ಮನ ನಂಬರ್. ಕನ್ನಡದ ಜೊತೆ ತಮಿಳೋ ತೆಲುಗೋ ಹಿಂದಿಯೋ ಬಂದ್ರೆ ಬರೀರಿ. ಬೆಂಗಳೂರಲ್ಲಿ ಗಿರಾಕಿ ಜೊತೆ ಮೂರು ಭಾಷೆ ಮಾತಾಡೋ ಹುಡುಗ ಅಂದ್ರೆ ಅಂಗಡಿಯವರಿಗೆ ದೊಡ್ಡ ಲಾಭ. ನಮ್ಮಲ್ಲಿ ಸಂಡೇ ಸ್ಕೂಲ್ ಮಕ್ಕಳನ್ನ ಸುಧಾರಿಸಿದವರು, ಸೌಂಡ್ ಸಿಸ್ಟಮ್ ನೋಡಿಕೊಂಡವರು ಇದ್ದೀರಿ. ಅದನ್ನೂ ಬರೀರಿ, ಅದೂ ಕೆಲಸಾನೇ.

ಈಗ ಸಂಜೆ ಭಾಗಕ್ಕೆ ಬನ್ನಿ. ರೂತಳು ಒಂದು ಏಫಾದಷ್ಟು ಜವೆಗೋದಿ ಹೊತ್ತು ಮನೆಗೆ ಬಂದಾಗ, ಇವತ್ತು ಎಲ್ಲಿ ಕೆಲಸ ಮಾಡಿದೆ ಅಂತ ನೊವೊಮಿ ಕೇಳಿದಳು. ನಿಮ್ಮಮ್ಮ ಕೇಳಿದ್ರೆ ಉತ್ತರ ಇದೆಯಾ? ಇದನ್ನ ಸುಮ್ನೆ ಕೇಳ್ತಿಲ್ಲ. ಹದಿನೇಳು ವಯಸ್ಸಿನ ಹುಡುಗರು ಅಣ್ಣನ ಐಡಿಯಲ್ಲಿ ಲಾಗಿನ್ ಆಗಿ, ಅಣ್ಣನ ಬೈಕಲ್ಲಿ ಫುಡ್ ಡೆಲಿವರಿಗೆ ಹೋಗೋದು ನನ್ನ ಕಿವಿಗೆ ಬಿದ್ದಿದೆ. 2019ರ ತಿದ್ದುಪಡಿ ಆದ ಮೇಲೆ, ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧ ಮಾಡಿದ್ರೆ ತಂದೆತಾಯಿಗೋ ಗಾಡಿ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು. ಆ ಹುಡುಗನಿಗೆ 25 ತುಂಬೋವರೆಗೆ ಲೈಸೆನ್ಸ್ ಸಿಗಲ್ಲ. ಇದು ಬರೀ ಕಾನೂನಿನ ಮಾತೂ ಅಲ್ಲ. ಇನ್ನೊಬ್ಬರ ಹೆಸರು ಹೇಳಿಕೊಂಡು ಆಶೀರ್ವಾದ ತಗೊಂಡ ಯಾಕೋಬನಿಗೆ ಮನೆ ಬಿಟ್ಟು ಓಡಬೇಕಾಗಿ ಬಂತು.

14 ತುಂಬದವರನ್ನ ಕೆಲಸಕ್ಕೆ ಇಟ್ಟುಕೊಳ್ಳೋ ಹಾಗಿಲ್ಲ. 14ರಿಂದ 18ರವರಿಗೆ ಅಪಾಯದ ಕೆಲಸ ಕೊಡೋ ಹಾಗಿಲ್ಲ. ಇನ್ನು ಟೆಲಿಗ್ರಾಮಲ್ಲಿ ವಿಡಿಯೋ ಲೈಕ್ ಮಾಡಿದ್ರೆ ದುಡ್ಡು, ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಿ ಅಂದ್ರೆ ಅದು ಮೋಸ. ಕೆಲಸ ಕೊಡೋರು ನಿಮಗೆ ದುಡ್ಡು ಕೊಡ್ತಾರೆ, ನಿಮ್ಮಿಂದ ಕೇಳಲ್ಲ. ಯಾರಾದ್ರೂ ಈಗಾಗಲೇ ಕಟ್ಟಿದ್ರೆ ನಾಚಿಕೆಪಟ್ಟು ಮುಚ್ಚಿಡಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ.

ಬೋವಜ ತನ್ನ ಆಳುಗಳಿಗೆ ಅವಳನ್ನ ಮುಟ್ಟಬಾರದು ಅಂತ ಹೇಳಿಟ್ಟಿದ್ದ. ಕುಡಿಯೋಕೆ ನೀರಿತ್ತು, ಊಟ ಇತ್ತು. ತಂಗಿಯರೇ, ನೀವೂ ಕೆಲಸದ ಜಾಗವನ್ನ ಹೀಗೇ ನೋಡಿ: ಬೇರೆ ಹೆಂಗಸರು ಇದ್ದಾರಾ, ಟಾಯ್ಲೆಟ್ ಇದೆಯಾ, ರಾತ್ರಿ ಎಷ್ಟಕ್ಕೆ ಬಿಡ್ತಾರೆ. ಮನಸ್ಸಿಗೆ ಸರಿ ಅನ್ನಿಸದಿದ್ರೆ ಬಿಟ್ಟು ಬನ್ನಿ, ಯಾರೂ ಬೈಯಲ್ಲ.

ಸಂಬಳ ಎಷ್ಟು, ಯಾವ ತಾರೀಖಿಗೆ ಅಂತ ಮೊದಲ ದಿನವೇ ಕೇಳಿ. ಕೇಳೋದು ದುರಾಸೆ ಅಲ್ಲ. ಧರ್ಮೋಪದೇಶಕಾಂಡ 24ರಲ್ಲಿ ಕೂಲಿಯವನಿಗೆ ಹೊತ್ತು ಮುಳುಗೋ ಮುಂಚೆ ಕೂಲಿ ಕೊಡಬೇಕು ಅಂತ ದೇವರೇ ಆಜ್ಞೆ ಮಾಡಿದ್ದಾನೆ. ಭಾನುವಾರದ ವಿಷಯವನ್ನೂ ಅವತ್ತೇ ಹೇಳಿಬಿಡಿ: "ಬೆಳಿಗ್ಗೆ ಸಭೆಗೆ ಹೋಗ್ತೀನಿ ಸರ್, ಎರಡು ಗಂಟೆಗೆ ಬರ್ತೀನಿ." ಕೆಲವರು ಆಗಲ್ಲ ಅಂತಾರೆ, ಆಗ ಪಕ್ಕದ ಅಂಗಡಿಗೆ ಹೋಗಿ. ದಶಮಾಂಶದ ಬಗ್ಗೆ ಇವತ್ತು ಏನೂ ಹೇಳಲ್ಲ, ಮೊದಲು ಸಂಬಳ ಬರಲಿ!

ಮುಂದಿನ ಭಾನುವಾರ ಆರಾಧನೆ ಆದ ಮೇಲೆ ಆ ಅರ್ಧ ಹಾಳೆ ಬರ್ಕೊಂಡು ಬನ್ನಿ. ನಮ್ಮ ಸಭೆಯಲ್ಲೇ ಅಂಗಡಿ ನಡೆಸೋ ಅಂಕಲ್‌ಗಳು ಇದ್ದಾರೆ, ಅವರನ್ನೂ ಕೂತ್ಕೊಳ್ಳೋಕೆ ಹೇಳಿದ್ದೀನಿ.